ಪರದೇಶದಲ್ಲಿ ಸೇವೆ

ನಾಮಾನನ ಮನೆಯಲ್ಲಿ ದಾಸಿಯಾಗಿದ್ದ ಇಸ್ರಾಯೇಲ್ಯ ಹುಡುಗಿಯನ್ನು ನೆನಸಿರಿ. ಸೆರೆಯಾಗಿ ಪರದೇಶಕ್ಕೆ ಒಯ್ಯಲ್ಪಟ್ಟ ಆಕೆಯಲ್ಲಿ ಹಣವಾಗಲಿ ಔಷಧವಾಗಲಿ ಇರಲಿಲ್ಲ. ಆದರೂ ಆ ಕುಷ್ಠರೋಗಿಗೆ ಸ್ವಸ್ಥತೆಯ ದಾರಿಯು ಆಕೆಯ ಮಾತಿನಿಂದ ತಿಳಿಯಿತು.

ಈಗಿನ ಯೌವನಸ್ಥರು ತಾವಾಗಿಯೇ ಪರದೇಶದ ಸೇವೆಗೆ ಹೋಗುತ್ತಾರೆ. ಬ್ರಿಟನ್ನಿನಲ್ಲಿ 1958ರಲ್ಲಿ ಆಲೆಕ್ ಮತ್ತು ಮೋರಾ ಡಿಕ್ಸನ್ ದಂಪತಿಗಳು ಸ್ಥಾಪಿಸಿದ ವಿ.ಎಸ್.ಓ. ಎಂಬ ಸಂಸ್ಥೆಯು ಮೊದಲು ಶಾಲೆ ಮುಗಿಸಿದ ಹುಡುಗರನ್ನು ಕಳುಹಿಸಿತು. ಬರಬರುತ್ತಾ ಕಸಬು ಬಲ್ಲವರನ್ನು ಆರಿಸಿಕೊಂಡಿತು. ಒಳ್ಳೇ ಮನಸ್ಸೊಂದೇ ಸಾಲದಷ್ಟೆ.

ಏಡ್ಸ್ ರೋಗವು ಆಫ್ರಿಕದ ಊರುಗಳನ್ನು ಪೀಡಿಸಿದಾಗ, ರೋಗದ ತಿಳಿವಳಿಕೆಯೊಂದೇ ಯೌವನಸ್ಥರನ್ನು ಕಾಯಲಾರದೆಂದು ಕಂಡುಬಂತು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹತ್ತು ಜೀವನ ಕೌಶಲಗಳನ್ನು ಎಣಿಸಿ ಹೇಳಿತು: ತನ್ನನ್ನು ತಾನು ಅರಿಯುವದು, ಪರರ ನೋವನ್ನು ತಿಳಿಯುವದು, ವಿಚಾರಿಸಿ ತೀರ್ಮಾನಿಸುವದು ಮೊದಲಾದವುಗಳು. ಕೆಟ್ಟ ಒತ್ತಾಯಕ್ಕೆ ‘ಒಲ್ಲೆ’ ಎನ್ನುವ ಧೈರ್ಯವಿಲ್ಲದಿದ್ದರೆ ತಿಳಿವಳಿಕೆಯಿಂದ ಲಾಭವೇನು? ಈ ಧೈರ್ಯವನ್ನು ಬೆಳಿಸುವದು ಕೆಲವು ತಿಂಗಳಿದ್ದು ಹೋಗುವವನೊಬ್ಬನಿಂದ ಆಗುವದಿಲ್ಲ. ಅವನು ಊರಿನ ಭಾಷೆಯನ್ನು ಕಲಿತು, ಆ ಊರಿನ ಯೌವನಸ್ಥರನ್ನೇ ಕಲಿಸುವವರನ್ನಾಗಿ ಸಿದ್ಧಮಾಡಬೇಕು.

ಆದಕಾರಣ ನಮ್ಮ ಮಕ್ಕಳು ಇಂಥ ಸೇವೆಗೆ ಹೊರಟರೆ ಅವರಿಗೆ ಹೀಗೆ ಬುದ್ಧಿ ಹೇಳೋಣ: ಮೊದಲು ಕೇಳು, ಆಮೇಲೆ ಮಾತಾಡು, ನೀನು ಹಿಂದಿರುಗಿದ ಮೇಲೆಯೂ ನಡೆಯುವಂಥ ಕೆಲಸವನ್ನು ಮಾಡು. ನಾಮಾನನು ಗುಣವಾದನು, ಆ ಹುಡುಗಿಯ ಹೆಸರಾದರೋ ಬರೆಯಲ್ಪಡಲಿಲ್ಲ. ಸೇವೆಮಾಡುವವರಿಗೆ ಅಷ್ಟೇ ಸಾಕು.