ಅಸ್ಥಿಯೊಳಗಿನ ಕಾಯಕ



ಕಾಯಕವೆಂದೊಡನೆ ನಮ್ಮ ದೃಷ್ಟಿ ಹೊಲದತ್ತ, ಮಗ್ಗದತ್ತ, ಅಂಗಡಿಯತ್ತ ಹರಿಯುವುದು ಸಹಜ. ಆದರೆ ನಾವು ನಿದ್ರಿಸುವಾಗಲೂ ನಮ್ಮೊಳಗೆ ಎಡೆಬಿಡದೆ ನಡೆದಿರುವ ಕಾಯಕವೊಂದುಂಟು. ಅದನ್ನರಿಯದವನು ತನ್ನ ಕಾಯವನ್ನೇ ಅರಿಯದವನು.

ರಸಧಾತುವು ಯಕೃತ್ತು, ಪ್ಲೀಹಗಳನ್ನು ಸೇರಿ ಕೆಂಪಾಗಿ ರಕ್ತವಾಗುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಗರ್ಭಸ್ಥ ಶಿಶುವಿನಲ್ಲಿ ಆ ಎರಡು ಅವಯವಗಳಲ್ಲಿ ರಕ್ತಕಣಗಳು ಹುಟ್ಟುವುದನ್ನು ಇಂದಿನ ವಿಜ್ಞಾನವೂ ಕಂಡಿದೆ. ಜನನಾನಂತರ ಆ ಹೊಣೆ ಅಸ್ಥಿಮಜ್ಜೆಯದು. ಬೆಳೆದವರಲ್ಲಿ ಎದೆ, ಪಕ್ಕೆ, ಬೆನ್ನು, ಸೊಂಟದ ಎಲುಬುಗಳೊಳಗಿನ ಕೆಂಪು ಮಜ್ಜೆಯೇ ರಕ್ತದ ತವರು. ಅಲ್ಲಿಯ ಮೂಲಕೋಶಗಳೇ ಕವಲೊಡೆದು ಕೆಂಪುಕಣ, ಬಿಳಿಕಣ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಾಗುವುವು. ಕೆಂಪುಕಣಗಳೇ ಸೆಕೆಂಡಿಗೆ ಸುಮಾರು 20 ಲಕ್ಷ ಹುಟ್ಟುವುವು! ಪ್ರತಿಯೊಂದೂ ಸುಮಾರು 120 ದಿನ ಪ್ರಾಣವಾಯುವನ್ನು ಹೊತ್ತು ಅಂಗಾಂಗಗಳಿಗೆ ಮುಟ್ಟಿಸಿ, ಮುಪ್ಪಡಸಿದಾಗ ಪ್ಲೀಹ ಯಕೃತ್ತುಗಳಲ್ಲಿ ಲಯವಾಗುವುದು. ಅದರ ಕಬ್ಬಿಣ ವ್ಯರ್ಥವಾಗದು. ಮರಳಿ ಮಜ್ಜೆಯನ್ನು ಸೇರಿ ಹೊಸ ಕಣಕ್ಕೆ ಬಂಡವಾಳವಾಗುವುದು. ಪ್ರಾಣವಾಯು ಸಾಲದಾದರೆ ಮೂತ್ರಪಿಂಡವು ಎರಿತ್ರೊಪೊಯೆಟಿನ್ ಎಂಬ ರಸವನ್ನು ದೂತನಂತೆ ಕಳುಹಿ ಮಜ್ಜೆಯನ್ನು ಎಚ್ಚರಿಸುವುದು.

ಇನ್ನು ರಕ್ಷಣೆಯ ಮಾತು. ಕಾಲಿಗೆ ಮುಳ್ಳು ನೆಟ್ಟು ರೋಗಾಣು ಹೊಕ್ಕರೆ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಮೊದಲು ಧಾವಿಸುವುವು. ಶತ್ರುವನ್ನು ನುಂಗಿ ತಾವೂ ಅಳಿಯುವುವು. ನಾವು ಹೇಸುವ ಕೀವಿನಲ್ಲಿ ಅವುಗಳ ಕಳೇಬರವೇ ಬಹಳ. ಬಳಿಕ ಲಿಂಫೋಸೈಟ್‌ಗಳು ರೋಗಾಣುವಿನ ಗುರುತು ಹಿಡಿದು ತಕ್ಕ ಪ್ರತಿಕಾಯಗಳನ್ನು ರಚಿಸುವುವು. ಕೆಲವು ಆ ಗುರುತನ್ನು ವರ್ಷಗಟ್ಟಲೆ ನೆನಪಿಡುವುವು. ಲಸಿಕೆಯ ಮರ್ಮವೂ ಇದೇ. ಇವುಗಳಲ್ಲಿ ಒಂದು ವರ್ಗಕ್ಕೆ ಎದೆಯೊಳಗಿನ ಥೈಮಸ್ ಗ್ರಂಥಿಯೇ ಗುರುಕುಲ. ಸ್ವದೇಹವನ್ನೇ ಹಗೆಯೆಂದು ಬಗೆಯುವ ಶಿಷ್ಯನಿಗೆ ಅಲ್ಲಿ ಉತ್ತೀರ್ಣತೆಯಿಲ್ಲ. ಆ ಪರೀಕ್ಷೆಯನ್ನು ತಪ್ಪಿಸಿ ನುಸುಳಿದವು ತನ್ನ ಕೀಲುಗಳನ್ನೇ ಕೆಡಿಸುವ ಸಂಧಿವಾತದಂಥ ವ್ಯಾಧಿಗೆ ಕಾರಣವಾಗಬಹುದು. ಬಲವೊಂದೇ ಸಾಲದು, ತನ್ನವರಾರೆಂಬ ವಿವೇಕವೂ ಬೇಕು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನ ತಂದೆಗೆ ಅಪಘಾತವಾಗಿ ರಕ್ತ ಬೇಕಾಯಿತು. ದಾಸೋಹತತ್ತ್ವವನ್ನು ಬಹುಕಾಲ ಬೋಧಿಸಿದ ನಾನು, ಕೊಟ್ಟ ರಕ್ತ ಮರಳದೆಂಬ ಅಂಜಿಕೆಯಿಂದ ಹಿಂದೆ ನಿಂತೆ. ಮುಂದೆ ಬಂದವನು ಪ್ರಸಾದನಿಲಯದ ಅಡಿಗೆಯವನು. ಆ ತಂದೆ ಉಳಿದರು. ನನ್ನ ನಾಚಿಕೆಯೇ ನನಗೆ ಈ ವಿಷಯವನ್ನು ಓದಿಸಿತು. ಕೊಟ್ಟ ರಕ್ತದ ದ್ರವಭಾಗ ಒಂದೆರಡು ದಿನಗಳಲ್ಲಿ, ಕೆಂಪುಕಣಗಳು ಕೆಲವು ವಾರಗಳಲ್ಲಿ ತುಂಬಿಬರುವುವು. 18ರಿಂದ 65 ವಯಸ್ಸಿನೊಳಗಿನ ಆರೋಗ್ಯವಂತರಲ್ಲಿ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ವೈದ್ಯರ ಪರೀಕ್ಷೆಗೊಳಪಟ್ಟು ಕೊಡಬಹುದು. ನಾನೂ ಅಂದಿನಿಂದ ಕೊಡುತ್ತ ಬಂದಿದ್ದೇನೆ.

ಮಜ್ಜೆಯು ಕಣಗಳನ್ನು ತನಗೆಂದು ಹುಟ್ಟಿಸುವುದಿಲ್ಲ. ವೆಚ್ಚವಾದಷ್ಟೂ ಮತ್ತೆ ದುಡಿಯುವುದು. ಎಲುಬಿನೊಳಗೇ ಕಾಯಕ ದಾಸೋಹಗಳು ಹೀಗೆ ಒಂದಾಗಿರುವಾಗ, ಆ ಎಲುಬನ್ನು ಹೊತ್ತ ನಾವು ಮಾತಿನಲ್ಲಿ ಮಾತ್ರ ದಾಸೋಹಿಗಳಾಗಿರುವುದು ತರವೇ?