ಪಥ್ಯವು ತಪವಾದೀತೆ?

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಆರು ಬಾಹ್ಯತಪಗಳಲ್ಲಿ ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವನ್ನೂ ರಸಪರಿತ್ಯಾಗವನ್ನೂ ಎಣಿಸಿದೆ. ಹಾಗಾದರೆ ಮಧುಮೇಹಿಯೊಬ್ಬನು ಅನ್ನ, ಸಿಹಿಗಳನ್ನು ತಗ್ಗಿಸಿ ಸೊಪ್ಪು, ಬೇಳೆ, ಮಜ್ಜಿಗೆಗಳಲ್ಲಿ ತೃಪ್ತನಾದರೆ ಅದು ತಪವೇ?

ಪಿಷ್ಟವು ಜೀರ್ಣವಾಗಿ ಗ್ಲೂಕೋಸಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಮಿತಗೊಳಿಸಿದರೆ ರಕ್ತದ ಸಕ್ಕರೆಯೂ, ಬಹುಮಂದಿಯಲ್ಲಿ ತೂಕವೂ ಇಳಿಯುವುದು. 1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಬರುವ ಮುನ್ನ ಆಹಾರದ ಕಟ್ಟುಪಾಡೇ ವೈದ್ಯರಿಗೆ ಮುಖ್ಯ ಆಸರೆಯಾಗಿತ್ತು.

ಆದರೆ ಭಯದಿಂದ ಬಿಟ್ಟದ್ದು ಪಥ್ಯ ಮಾತ್ರ; ರಕ್ತಪರೀಕ್ಷೆಯ ಫಲ ಚೆನ್ನಾಗಿ ಬಂದ ದಿನವೇ ಕೈ ಹೋಳಿಗೆಯತ್ತ ಚಾಚುವುದು. ಆಸೆಯನ್ನು ಗೆಲ್ಲಲೆಂದು ಬಿಟ್ಟದ್ದು ತಪ. ವರುಷಗಳ ಕಾಲ ನಿಲ್ಲುವುದೂ ಅದೇ.

ಇನ್ಸುಲಿನ್ ಅಥವಾ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಆಹಾರ ತಗ್ಗಿಸಿದರೆ ಸಕ್ಕರೆ ಕುಸಿದು ಪ್ರಾಣಾಪಾಯವಾದೀತು. ಪ್ರಮಾದದಿಂದ ತನ್ನ ಪ್ರಾಣಕ್ಕೆ ಮಾಡುವ ಹಾನಿಯೂ ಹಿಂಸೆಯೇ.