ಮುತ್ತಜ್ಜನ ಎಡಗಣ್ಣು



ಧಮ್ಮಬಂಧುಗಳೇ, ಇವತ್ತಿನ ಚಿಂತನೆಗೆ ನಾಲ್ಕನೆಯ ಶೀಲವನ್ನು ತೆಗೆದುಕೊಂಡಿದ್ದೇನೆ. ಮುಸಾವಾದ, ಅಂದರೆ ಸುಳ್ಳಾಡುವುದರಿಂದ ದೂರವಿರುವುದು. ಐದರಲ್ಲಿ ಇದೊಂದನ್ನಾದರೂ ನೆಟ್ಟಗೆ ಪಾಲಿಸುತ್ತಿದ್ದೇನೆ ಎಂಬ ಧೈರ್ಯ ನನಗಿತ್ತು. ಈ ಮಳೆಗಾಲದಲ್ಲಿ ಈಸೂರಿನ ನಮ್ಮ ಅಜ್ಜಿಯ ಮನೆಯಲ್ಲಿ ಆ ಧೈರ್ಯ ಇಳಿಯಿತು.

ಅಜ್ಜಿಗೆ ತೊಂಬತ್ತರ ಹತ್ತಿರ. ಅವರ ಅಪ್ಪನದು, ಅಂದರೆ ನನ್ನ ಮುತ್ತಜ್ಜನದು, ಇರುವುದು ಒಂದೇ ಫೋಟೋ. ಅಜ್ಜಿಯ ಮದುವೆಗೆ ಮುಂಚೆ ಶಿಕಾರಿಪುರದಲ್ಲಿ ತೆಗೆಸಿದ್ದು. ಎಷ್ಟೋ ವರ್ಷ ಪಡಸಾಲೆಯ ಗೋಡೆಯಲ್ಲಿತ್ತು. ಮಳೆ ನೀರು ಇಳಿಯುವ ಗೋಡೆ ಅದು. ಹಳೇ ಕಪ್ಪುಬಿಳುಪು ಫೋಟೋದ ಮೇಲ್ಪದರ ಜಿಲೆಟಿನ್. ಥಂಡಿಗೆ ಅದು ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ, ಬೂಸ್ಟಿಗೂ ಅದೇ ಊಟ. ಯಾರೋ ಬಿಡಿಸಲು ಹೋಗಿ ಎಡಗಣ್ಣು, ಅರ್ಧ ಹಣೆ ಕಿತ್ತುಬಂದಿವೆ. (ನಿಮ್ಮ ಮನೆಯಲ್ಲೂ ಹೀಗೆ ಅಂಟಿದ ಫೋಟೋ ಇದ್ದರೆ ದಯವಿಟ್ಟು ಎಳೆಯಬೇಡಿ. ಗಾಜಿನ ಸಮೇತ ಫೋಟೋ ತೆಗೆದಿಟ್ಟುಕೊಳ್ಳಿ.)

ನಾನು ಅದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಮೊಬೈಲಿನ ಎಐ ಆ್ಯಪ್‌ಗೆ ಹಾಕಿದೆ. ಅರ್ಧ ನಿಮಿಷ ಆಗಲಿಲ್ಲ, ಮುತ್ತಜ್ಜ ಎದ್ದು ಕೂತರು. ಎರಡೂ ಕಣ್ಣು, ತುಂಬಿದ ಹಣೆ, ನುಣುಪು ಕೆನ್ನೆ. ಮನೆಯವರ ಗ್ರೂಪಿಗೆ ಹಾಕಿದೆ. ಬೆಂಗಳೂರಿನ ಚಿಕ್ಕಪ್ಪ ಅತ್ತೇಬಿಟ್ಟರಂತೆ. ಪ್ರಿಂಟ್ ಹಾಕಿಸಿ, ಕಟ್ಟು ಕಟ್ಟಿಸಿ, ಅಜ್ಜಿಯ ಕೈಗೆ ಕೊಟ್ಟೆ.

ಅಜ್ಜಿ ಬಹಳ ಹೊತ್ತು ನೋಡಿದರು. "ಯಾರಪ್ಪಾ ಇವ್ರು? ಡಾಕ್ಟ್ರಾ?"

"ಅಜ್ಜಿ, ನಿಮ್ಮಪ್ಪ."

"ನಮ್ಮಪ್ಪಂದು ಮೆಳ್ಳೆಗಣ್ಣು ಕಣೋ. ಅವ್ರು ನಿನ್ ಕಡೆ ನೋಡ್ತಿದ್ರೆ ಇನ್ಯಾರನ್ನೋ ನೋಡ್ದಂಗೆ ಇರ್ತಿತ್ತು. ಇವ್ರು ನೆಟ್ಟಗೆ ನೋಡ್ತಾರಲ್ಲ."

ಆ್ಯಪ್ ಮುತ್ತಜ್ಜನ ಕಣ್ಣನ್ನು ಎಲ್ಲಿಂದಲೋ ಹುಡುಕಿ ತಂದಿರಲಿಲ್ಲ. ಮುಖ ತಿದ್ದುವ ಇಂಥ ತಂತ್ರಾಂಶಗಳು ಲೆಕ್ಕವಿಲ್ಲದಷ್ಟು ಮುಖಗಳನ್ನು ನೋಡಿ ಕಲಿತಿರುತ್ತವೆ. ಅದಕ್ಕೆ ಬಹಳ ಕಡೆ ಬಳಕೆಯಾಗಿರುವ ಒಂದು ಸಂಗ್ರಹದಲ್ಲಿ ಇಂಟರ್ನೆಟ್ಟಿನಿಂದ ಆಯ್ದ 70,000 ಮುಖಗಳಿವೆ. ಖಾಲಿ ಜಾಗ ಕಂಡರೆ, ಇಂಥ ಮುಖದಲ್ಲಿ ಸಾಮಾನ್ಯವಾಗಿ ಇಲ್ಲಿ ಏನಿರುತ್ತದೆ ಎಂದು ಊಹಿಸಿ ತುಂಬುತ್ತವೆ. ಸಾಮಾನ್ಯವಾಗಿ ಇರುವುದು ನೆಟ್ಟಗಿನ ಕಣ್ಣು.

ಈಗ ಶೀಲದ ವಿಷಯ. ಸುಳ್ಳು ಪೂರ್ತಿಯಾಗಲು ನಾಲ್ಕು ಅಂಗ ಬೇಕು ಎನ್ನುತ್ತವೆ ಅಟ್ಠಕಥೆಗಳು: ಹೇಳುವ ವಿಷಯ ನಿಜವಲ್ಲದಿರಬೇಕು, ತಪ್ಪು ತಿಳಿಸಬೇಕೆಂಬ ಮನಸ್ಸಿರಬೇಕು, ಅದಕ್ಕೆ ತಕ್ಕ ಪ್ರಯತ್ನ ಆಗಬೇಕು, ಕೇಳಿದವರಿಗೆ ಅದು ಹಾಗೇ ಅರ್ಥವಾಗಬೇಕು. ಆ್ಯಪ್ ಒತ್ತಿದಾಗ ನನಗೆ ಮೋಸದ ಮನಸ್ಸಿರಲಿಲ್ಲ, ಅಷ್ಟರಮಟ್ಟಿಗೆ ಸಮಾಧಾನ. ಆದರೆ ಅಜ್ಜಿ ಹೇಳಿದ ಮೇಲೂ ಮೂರು ದಿನ ಗ್ರೂಪಿನಲ್ಲಿ ನಾನು ಬಾಯಿ ಬಿಡಲಿಲ್ಲ. ಮೆಚ್ಚುಗೆ ಬರುತ್ತಲೇ ಇತ್ತು. ಅತ್ತೆಯ ಮಗಳು ತನ್ನ ಮಗುವಿಗೆ ಅದೇ ಕಣ್ಣು ಬಂದಿದೆ ಅಂತ ಬರೆದಳು. ನಾನು ಒಂದು ಕೈಮುಗಿದ ಗುರುತು ಕಳಿಸಿದೆ. ಎರಡನೆಯ ಅಂಗ ಹುಟ್ಟಿದ್ದು ಅಲ್ಲಿ.

ಬುದ್ಧರು ಅಂಬಲಟ್ಠಿಕದಲ್ಲಿ ಮಗ ರಾಹುಲನಿಗೆ ಹೇಳಿದ್ದೂ ಇದನ್ನೇ, ಎಳೆಯ ಹುಡುಗನಿಗೆ. ಪಾತ್ರೆಯ ತಳದಲ್ಲಿ ಉಳಿದ ಚೂರು ನೀರನ್ನು ತೋರಿಸಿ, ಚೆಲ್ಲಿ, ಬೋರಲು ಹಾಕಿ, ತಮಾಷೆಗೂ ಸುಳ್ಳು ಬೇಡ ಎಂದರು. ಆಮೇಲೆ ಕೇಳಿದರು, ಕನ್ನಡಿ ಇರುವುದು ಯಾತಕ್ಕೆ? ನೋಡಿಕೊಳ್ಳುವುದಕ್ಕೆ. ಹಾಗೆಯೇ ಒಂದು ಕೆಲಸ ಮಾಡುವ ಮೊದಲು ನೋಡಿಕೋ, ಮಾಡುವಾಗ ನೋಡಿಕೋ, ಮಾಡಿದ ಮೇಲೂ ನೋಡಿಕೋ. ನಾನು ಮೂರನೆಯದನ್ನು ಮೂರು ದಿನ ತಡ ಮಾಡಿದೆ.

ಈಸೂರಿನಲ್ಲಿ ಕೂತು ಇದನ್ನು ಯೋಚಿಸುವಾಗ ಮನಸ್ಸು ಬೇರೆ ಕಡೆಗೂ ಹೋಯಿತು. 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡ ಊರು ಇದು. ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಏರಿಸಿ, ಹುಡುಗರನ್ನೇ ಅಧಿಕಾರಿಗಳನ್ನಾಗಿ ಮಾಡಿಕೊಂಡಿತ್ತು. ಆ ಗಲಾಟೆಯಲ್ಲಿ ಅಮಲ್ದಾರರು, ಸಬ್ ಇನ್‌ಸ್ಪೆಕ್ಟರು ಇಬ್ಬರೂ ಜನರ ಕೈಯಲ್ಲಿ ಸತ್ತರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐವರಿಗೆ ಗಲ್ಲಾಯಿತು. ನಾನು ಕೇಳಿದ ಆಗಸ್ಟ್ 15ರ ಭಾಷಣಗಳಲ್ಲಿ ಐವರ ಹೆಸರು ಬರುತ್ತದೆ, ಬರಲೇಬೇಕು. ಆ ಇಬ್ಬರ ಸಾವು ಅರ್ಧ ವಾಕ್ಯಕ್ಕೆ ಮುಗಿಯುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಅದನ್ನು ಹೇಳಿದರೆ ಐವರ ತ್ಯಾಗವೇನೂ ಕಡಿಮೆಯಾಗುವುದಿಲ್ಲ. ಆದರೂ ನಾವು ಕೆನ್ನೆ ನುಣುಪು ಮಾಡುತ್ತೇವೆ.

ನಮ್ಮ ಮನೆಯಲ್ಲೂ ಅಷ್ಟೇ. ಮುತ್ತಜ್ಜ ಅವತ್ತು ಗುಂಪಿನ ಮುಂದೆಯೇ ಇದ್ದರು ಅಂತ ಒಬ್ಬ ಮಾವ, ಕಾಡು ಸೇರಿದ್ದರು ಅಂತ ಇನ್ನೊಬ್ಬರು. ಅಜ್ಜಿಯನ್ನು ಕೇಳಿದರೆ, "ಆ ಮಾತು ತೆಗೆದ್ರೆ ಅಪ್ಪ ಎದ್ದು ಕೊಟ್ಟಿಗೆ ಕಡೆ ಹೋಗ್ತಿದ್ರು" ಎಂದರು. ಅಷ್ಟೇ ಇರುವುದು.

ಮೊದಲು ನನಗೆ, ಅಜ್ಜಿ ಹೇಳಿದಂತೆ ಮೆಳ್ಳೆಗಣ್ಣನ್ನೇ ಬಿಡಿಸೋಣ ಅನ್ನಿಸಿತ್ತು. ಯಾವ ಕಣ್ಣು ಅಜ್ಜಿ ಅಂದೆ. ಎಡಗೈಯನ್ನು ಎಡಗಣ್ಣಿಗೆ ಇಟ್ಟರು, ಆಮೇಲೆ ಬಲಗಣ್ಣಿಗೆ ಇಟ್ಟರು, ಆಮೇಲೆ ನಕ್ಕುಬಿಟ್ಟರು. ಫೋಟೋದಲ್ಲಿ ಉಳಿದಿರುವ ಬಲಗಣ್ಣು ನೆಟ್ಟಗಿದೆ, ಆದ್ದರಿಂದ ಎಡಗಣ್ಣೇ ಇರಬೇಕು. ಆದರೆ ಎಷ್ಟು ಓರೆ, ಯಾವ ಕಡೆಗೆ? ಅದನ್ನು ತುಂಬಿದರೆ ಆ್ಯಪ್ ಮಾಡಿದ ಕೆಲಸವನ್ನೇ ನಾನೂ ಮಾಡಿದಂತೆ.

ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಸ್ತೂಪ ನೋಡಿದವರು ನಮ್ಮಲ್ಲಿ ಕೆಲವರಿದ್ದೀರಿ. ಅಶೋಕ ಮಹಾರಾಜರ ಶಿಲ್ಪ ಸಿಕ್ಕ ಜಾಗ. ಅದು ಅಶೋಕರೇ ಎಂದು ನಾವು ಹೇಳುವುದು ಮುಖ ನೋಡಿ ಅಲ್ಲ, ಕಲ್ಲಿನ ಮೇಲೆ ಬ್ರಾಹ್ಮಿಯಲ್ಲಿ ಕೊರೆದ ಹೆಸರಿನಿಂದ. ಅಲ್ಲಿಯ ಫಲಕಗಳಲ್ಲಿ ಇನ್ನೂ ಒಂದಿದೆ: ಖಾಲಿ ಪೀಠ, ಅದರ ಕೆಳಗೆ ಎರಡು ಪಾದದ ಗುರುತು, ಸುತ್ತ ಕೈಮುಗಿದ ಜನ. ಬುದ್ಧರು ಇರಬೇಕಾದ ಕಡೆ ಯಾರೂ ಇಲ್ಲ. ಸಾಂಚಿಯಲ್ಲೂ ಹೀಗೇ. ಯಾಕೆ ಹೀಗೆ ಎಂಬುದಕ್ಕೆ ಪಂಡಿತರು ನಾನಾ ಕಾರಣ ಕೊಡುತ್ತಾರೆ. ನನಗೆ ಬೇಕಾಗಿದ್ದು ಇಷ್ಟು: ಜಾಗ ಖಾಲಿ ಬಿಟ್ಟೂ ಕೈ ಮುಗಿಯಬಹುದು.

ಮತ್ತೆ ಮೂಲ ಸ್ಕ್ಯಾನಿಗೇ ಹೋದೆ. ಮಸುಕನ್ನು ತಿಳಿಗೊಳಿಸಿದೆ, ಬೂಸ್ಟಿನ ಚುಕ್ಕೆ ತೆಗೆದೆ, ಅಂಚಿನ ಹರಕು ಸೇರಿಸಿದೆ. ಎರಡು ಸಂಜೆ ಹಿಡಿಯಿತು. ಕಿತ್ತುಹೋದ ಜಾಗಕ್ಕೆ ಸುತ್ತಲಿನ ಬೂದು ಬಣ್ಣ ಮಾತ್ರ ಸವರಿ ಬಿಟ್ಟೆ, ಕಣ್ಣು ಹಾಕಲಿಲ್ಲ. ಹಿಂಬದಿಯಲ್ಲಿ ಏನೇನು ಮಾಡಿದೆ ಎಂದು ಪೆನ್ಸಿಲಿನಲ್ಲಿ ಬರೆದೆ. ಗ್ರೂಪಿನಲ್ಲಿ, ಮೊದಲು ಕಳಿಸಿದ್ದು ಮುತ್ತಜ್ಜನ ಮುಖವಲ್ಲ, ತಪ್ಪಾಯಿತು ಎಂದು ಹಾಕಿದೆ. ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಚಿಕ್ಕಪ್ಪನಿಗೆ ಈಗಲೂ ಮೊದಲಿನದೇ ಬೇಕಂತೆ, ಅವರ ಜತೆ ಮಾತು ಇನ್ನೂ ನಡೆದಿದೆ.

ಅಜ್ಜಿ ಹೊಸ ಪ್ರಿಂಟನ್ನು ಸೆರಗಿನಿಂದ ಒರೆಸಿ ನೋಡಿದರು. ಬೂದು ಜಾಗದ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಕೂತರು.

"ಇವ್ರು ಅಪ್ಪ" ಎಂದರು. ಆಮೇಲೆ, "ಆ ಗೋಡೆಗೆ ಹಾಕಬ್ಯಾಡ ಮತ್ತೆ. ಒಳಗೆ ಅಕ್ಕಿ ಡಬ್ಬದ ಮೇಲಿನ ಗೋಡೆ ಒಣಗಿರ್ತೈತೆ, ಅಲ್ಲಿಗೆ ಮೊಳೆ ಹೊಡಿ."

ಭವತು ಸಬ್ಬ ಮಂಗಲಂ 🙏